ಹೇಬಿಯಸ್ ಕಾರ್ಪಸ್: ಅಮೆರಿಕದ ರಾಜ್ಯ ಕೈದಿಗಳು ಫೆಡರಲ್ ನ್ಯಾಯಾಲಯಕ್ಕೆ ಸಲ್ಲಿಸುವ ಅರ್ಜಿ

ಅಮೆರಿಕದಲ್ಲಿ ರಾಜ್ಯವೊಂದರ ನ್ಯಾಯಾಲಯ ಶಿಕ್ಷೆ ವಿಧಿಸಿ, ಅಲ್ಲಿನ ಮೇಲ್ಮನವಿಗಳೆಲ್ಲ ಮುಗಿದ ಮೇಲೂ ತನ್ನ ಸೆರೆ ಸಂವಿಧಾನಬಾಹಿರವೆಂದು ಫೆಡರಲ್ ನ್ಯಾಯಾಧೀಶರ ಮುಂದೆ ವಾದಿಸಲು ಕೈದಿಗೆ ಉಳಿಯುವ ದಾರಿ ಇದು. 1789ರ ನ್ಯಾಯಾಂಗ ಕಾಯ್ದೆ ಈ ರಕ್ಷಣೆಯನ್ನು ಫೆಡರಲ್ ವಶದಲ್ಲಿದ್ದವರಿಗಷ್ಟೇ ಕೊಟ್ಟಿತ್ತು. ಅಂತರ್ಯುದ್ಧದ ನಂತರ, 1867ರಲ್ಲಿ, ಕಾಂಗ್ರೆಸ್ ಅದನ್ನು ರಾಜ್ಯಗಳ ಕೈದಿಗಳಿಗೂ ವಿಸ್ತರಿಸಿತು. ಸ್ಥಳೀಯ ನ್ಯಾಯಾಲಯ ಸ್ಥಳೀಯ ದ್ವೇಷಕ್ಕೆ ಮಣಿಯಬಹುದು ಎಂಬ ಅನುಭವವೇ ಈ ಅರ್ಜಿಗೆ ಆಧಾರ. 1919ರಲ್ಲಿ ಅರ್ಕಾನ್ಸಾದ ಎಲೈನ್ ಬಳಿ ನಡೆದ ಹತ್ಯಾಕಾಂಡದ ನಂತರ ಕಪ್ಪು ಜನರಿಗೆ ಮರಣದಂಡನೆ ವಿಧಿಸಿದ ಪ್ರಕರಣ ಅದಕ್ಕೆ ಸಾಕ್ಷಿ. ಅರ್ಜಿದಾರರು ಹೇಳಿದಂತೆ ಕೋರ್ಟಿನ ಸುತ್ತ ರೊಚ್ಚಿಗೆದ್ದ ಗುಂಪು ನೆರೆದಿತ್ತು, ನೇಮಿತ ವಕೀಲ ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ, ವಿಚಾರಣೆ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು, ಜ್ಯೂರಿ 5 ನಿಮಿಷದೊಳಗೆ ತೀರ್ಪು ಕೊಟ್ಟಿತು. ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿತ್ತು. 1923ರ ಮೂರ್ ವಿರುದ್ಧ ಡೆಂಪ್ಸಿ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೋಮ್ಸ್, ಇಂಥ ಆರೋಪವನ್ನು ಫೆಡರಲ್ ನ್ಯಾಯಾಧೀಶರು ತಾವೇ ಪರಿಶೀಲಿಸಬೇಕೆಂದರು. 1953ರ ಬ್ರೌನ್ ವಿರುದ್ಧ ಆಲನ್ ಮತ್ತು 1963ರ ಫೇ ವಿರುದ್ಧ ನೋಯಾ ತೀರ್ಪುಗಳು ಬಾಗಿಲನ್ನು ಇನ್ನಷ್ಟು ಅಗಲಿಸಿದವು.

ಇದಕ್ಕೆ ಆಕ್ಷೇಪ ಹುರುಳಿಲ್ಲದ್ದೇನಲ್ಲ. ಮೊಕದ್ದಮೆಗೆ ಕೊನೆ ಎಂಬುದಿರಬೇಕು, ರಾಜ್ಯದ ನ್ಯಾಯಾಧೀಶರೂ ಅದೇ ಸಂವಿಧಾನಕ್ಕೆ ಪ್ರಮಾಣ ಮಾಡಿದವರು, ವರ್ಷಗಳು ಕಳೆದಂತೆ ಸಾಕ್ಷ್ಯ ಮಾಸುತ್ತದೆ. ಒಬ್ಬನೇ ಕೈದಿ ಮತ್ತೆ ಮತ್ತೆ ಸಲ್ಲಿಸುವ ಅರ್ಜಿಗಳ ಮಟ್ಟಿಗೆ ಈ ವಾದ ಒಪ್ಪತಕ್ಕದ್ದೇ. ಆದರೆ ಒಮ್ಮೆಯೂ ಕೇಳಿಸಿಕೊಳ್ಳದ ದೂರನ್ನು ಕೊನೆಗೊಂಡಿತೆಂದು ಹೇಗೆ ಹೇಳುವುದು? ವರ್ಜೀನಿಯಾದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕೈದಿ ರೋಜರ್ ಕೋಲ್ಮನ್‌ನ ವಕೀಲರು ರಾಜ್ಯದ ಮೇಲ್ಮನವಿ ನೋಟಿಸನ್ನು 3 ದಿನ ತಡವಾಗಿ ಸಲ್ಲಿಸಿದ್ದರು. ಅದರಿಂದ ಅವನ ಫೆಡರಲ್ ಹಕ್ಕೂ ಹೋಯಿತೆಂದು 1991ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. 1992ರಲ್ಲಿ ಅವನಿಗೆ ಮರಣದಂಡನೆಯಾಯಿತು. 2006ರ ಡಿಎನ್‌ಎ ಪರೀಕ್ಷೆ ಅವನ ಅಪರಾಧವನ್ನೇ ದೃಢಪಡಿಸಿತು, ನಿಜ. ಆದರೆ ವಕೀಲರ ತಪ್ಪನ್ನು ಕಕ್ಷಿದಾರನ ತಲೆಗೆ ಕಟ್ಟುವ ಆ ನಿಯಮ ನಿರಪರಾಧಿಗೂ ಅಡ್ಡಿಯಾಗಬಲ್ಲದು. ಒಕ್ಲಹೋಮ ಸಿಟಿ ಬಾಂಬ್ ಸ್ಫೋಟದ ಮರುವರ್ಷ, 1996ರಲ್ಲಿ ಬಂದ ಕಾಯ್ದೆ ಅರ್ಜಿಗೆ 1 ವರ್ಷದ ಗಡುವು ಹಾಕಿತು. ರಾಜ್ಯದ ನ್ಯಾಯಾಲಯ ವಿಚಾರಿಸಿ ತಳ್ಳಿಹಾಕಿದ ವಾದದಲ್ಲಿ ಅದರ ತೀರ್ಮಾನ ಬರೀ ತಪ್ಪಾಗಿದ್ದರೆ ಸಾಲದು, ವಿವೇಚನೆಗೇ ನಿಲುಕದಷ್ಟು ತಪ್ಪಾಗಿರಬೇಕು ಎಂಬ ಮಾನದಂಡವನ್ನೂ ತಂದಿತು. 2022ರ ಷಿನ್ ವಿರುದ್ಧ ರಮಿರೆಜ್ ತೀರ್ಪಿನ ನಂತರ, ರಾಜ್ಯದ ಹಂತದಲ್ಲಿ ವಕೀಲ ಅಲಕ್ಷ್ಯದಿಂದ ಕಲೆಹಾಕದೆ ಬಿಟ್ಟ ಸಾಕ್ಷ್ಯವನ್ನು ಫೆಡರಲ್ ನ್ಯಾಯಾಧೀಶರು ಬಹುಪಾಲು ಪ್ರಕರಣಗಳಲ್ಲಿ ಪರಿಗಣಿಸುವಂತಿಲ್ಲ.