ಆವರಿಕೆ
ಆವರಿಕೆಯು ಒಣಭೂಮಿಯಲ್ಲಿಯೂ ಕಲ್ಲುಗುಡ್ಡಗಳಲ್ಲಿಯೂ ಬೆಳೆಯುವ, ಹಳದಿ ಹೂ ಬಿಡುವ ಪೊದೆಸಸ್ಯ. ಇದಕ್ಕೆ ತಂಗಡಿ, ಹೊನ್ನಾವರಿಕೆ ಎಂಬ ಹೆಸರುಗಳೂ ಇವೆ. ಇದರ ಸಸ್ಯಶಾಸ್ತ್ರೀಯ ಹೆಸರು ಸೆನ್ನ ಆರಿಕ್ಯುಲೇಟ, ಕುಟುಂಬ ಫ್ಯಾಬೇಸಿ. ಕಾರ್ಲ್ ಲಿನೇಯಸ್ 1753ರಲ್ಲಿ ಇದನ್ನು ಕ್ಯಾಸಿಯ ಪಂಗಡದಲ್ಲಿ ವರ್ಣಿಸಿದನು. ರಾಕ್ಸ್‌ಬರ್ಗ್ ಸೆನ್ನ ಪಂಗಡಕ್ಕೆ ಸೇರಿಸಿದನು.

ಹರಡಿಕೆ
ಇದು ಭಾರತ ಮತ್ತು ಶ್ರೀಲಂಕಾಗಳ ಮೂಲ ಸಸ್ಯ. ಕರ್ನಾಟಕದಲ್ಲಿ ದಾವಣಗೆರೆ, ಚಿತ್ರದುರ್ಗ, ಬಳ್ಳಾರಿ ಮೊದಲಾದ ಮಳೆ ಕಡಿಮೆಯಿರುವ ಜಿಲ್ಲೆಗಳ ಬೀಳುಭೂಮಿ, ಬಂಡೆಗಳ ಸಂದು ಹಾಗೂ ರಸ್ತೆಬದಿಗಳಲ್ಲಿ ಕಾಣಸಿಗುತ್ತದೆ.

ಗುರುತಿಸುವಿಕೆ
ಸಂಯುಕ್ತ ಎಲೆಯಲ್ಲಿ ಸಾಮಾನ್ಯವಾಗಿ 8ರಿಂದ 12 ಜೊತೆ ಕಿರುಎಲೆಗಳಿದ್ದು, ಪ್ರತಿ ಜೊತೆಯ ನಡುವೆ ಒಂದು ನೆಟ್ಟನೆಯ ಗ್ರಂಥಿ ಇರುತ್ತದೆ. ಎಲೆತೊಟ್ಟಿನ ಬುಡದಲ್ಲಿ ಕಿವಿಯಾಕಾರದ ಅಗಲವಾದ ಹಸಿರು ಕಾವಿನೆಲೆಗಳಿವೆ. 'ಆರಿಕ್ಯುಲೇಟ' ಎಂಬ ಹೆಸರು ಬಂದುದು ಇದರಿಂದಲೇ. ಹೂ ಸುಮಾರು 5 ಸೆಂ.ಮೀ. ಅಗಲವಿದ್ದು, 5 ದಳಗಳನ್ನೂ 10 ಕೇಸರಗಳನ್ನೂ ಹೊಂದಿದೆ. ಮೇಲಿನ 3 ಕೇಸರಗಳು ಬಂಜೆ. ಪರಾಗಕೋಶಗಳು ತುದಿಯ ರಂಧ್ರಗಳಿಂದ ಮಾತ್ರ ತೆರೆಯುವುದರಿಂದ ದುಂಬಿಗಳು ಝೇಂಕರಿಸಿ ಪರಾಗವನ್ನು ಉದುರಿಸಿಕೊಳ್ಳುತ್ತವೆ. ಕಾಯಿ ಚಪ್ಪಟೆ, ಕಾಗದದಂತೆ ತೆಳು.

ಹೋಲುವ ಸಸ್ಯಗಳು
* ದೊಡ್ಡ ತಗಚೆ (ಸೆನ್ನ ಆಕ್ಸಿಡೆಂಟಾಲಿಸ್): ಅಮೆರಿಕ ಮೂಲದ ಕಳೆ. ಚೂಪುತುದಿಯ 4ರಿಂದ 6 ಜೊತೆ ಕಿರುಎಲೆಗಳು, ತೊಟ್ಟಿನ ಬುಡದ ಬಳಿ ಒಂದೇ ಗ್ರಂಥಿ, ಎಲೆ ಹಿಸುಕಿದರೆ ದುರ್ಗಂಧ.
* ತಗಚೆ (ಸೆನ್ನ ಟೋರ): ಸಾಮಾನ್ಯವಾಗಿ 3 ಜೊತೆ ಕಿರುಎಲೆಗಳು, ನೀಳವಾದ ಸಪೂರ ಕಾಯಿ.
* ಟೆಕೋಮ: ಉದ್ಯಾನಗಳಲ್ಲಿ ಬೆಳೆಸುವ ಅಮೆರಿಕ ಮೂಲದ ಸಸ್ಯ. ಕಹಳೆಯಾಕಾರದ ಹೂ, ಗರಗಸದಂಚಿನ ಎಲೆ.

ಇವುಗಳಲ್ಲಿ ದೊಡ್ಡ ತಗಚೆಯನ್ನು ಬೇರ್ಪಡಿಸಿ ತಿಳಿಯುವುದು ಅತ್ಯಗತ್ಯ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಅದರ ಬೀಜ ತಿಂದ ಮಕ್ಕಳಲ್ಲಿ ಯಕೃತ್ತು, ಸ್ನಾಯು ಮತ್ತು ಮೆದುಳಿಗೆ ಹಾನಿಯಾಗಿ ಸಾವುಗಳು ಸಂಭವಿಸಿವೆ. ಆವರಿಕೆಯ ಹೂ, ಎಲೆಗಳು ಮನೆಮದ್ದಿನಲ್ಲಿ ಬಳಕೆಯಲ್ಲಿರುವುದರಿಂದ, ಹೂವಿನ ಬಣ್ಣವೊಂದನ್ನೇ ನಂಬಿ ಗಿಡವನ್ನು ಸಂಗ್ರಹಿಸಬಾರದು. ಕಿವಿಯಾಕಾರದ ಕಾವಿನೆಲೆ ಮತ್ತು ಗ್ರಂಥಿಗಳನ್ನು ಪರೀಕ್ಷಿಸಬೇಕು.

ಉಪಯೋಗ ಮತ್ತು ಸಂಸ್ಕೃತಿ
ತೊಗಟೆಯಲ್ಲಿ ಟ್ಯಾನಿನ್ ಹೇರಳವಾಗಿರುವುದರಿಂದ ದಕ್ಷಿಣ ಭಾರತದಲ್ಲಿ ಚರ್ಮ ಹದಮಾಡಲು ಇದನ್ನು ಬಹುಕಾಲ ಬಳಸುತ್ತಿದ್ದರು. ಕ್ರಮೇಣ ವಾಟಲ್ ತೊಗಟೆ ಅದರ ಸ್ಥಾನವನ್ನು ಪಡೆಯಿತು. ಹೂಗಳನ್ನು ಒಣಗಿಸಿ ಕಷಾಯ ಮಾಡುವ ರೂಢಿಯುಂಟು. 'ತಂಗೇಡು' ಎಂಬ ಹೆಸರಿನಿಂದ ಇದು ತೆಲಂಗಾಣದ ರಾಜ್ಯಪುಷ್ಪವಾಗಿದೆ. ಅಲ್ಲಿನ ಬತುಕಮ್ಮ ಹಬ್ಬದ ಹೂಗೋಪುರದಲ್ಲಿ ಇದಕ್ಕೆ ಪ್ರಮುಖ ಸ್ಥಾನವಿದೆ. ತಮಿಳುನಾಡಿನಲ್ಲಿ ಪೊಂಗಲ್ ವೇಳೆ ಮನೆಬಾಗಿಲಿಗೆ ಕಟ್ಟುವ ಹೂಗೊಂಚಲಿನಲ್ಲಿಯೂ ಇದು ಸೇರಿರುತ್ತದೆ.