ಹಂಚಿನ ಇಸವಿ

ಕಳೆದ ಮೇ ತಿಂಗಳಲ್ಲಿ ಊರಿನ ಮನೆಯ ಹಂಚು ಇಳಿಸಿದೆವು. ಪಕ್ಕಾಸುಗಳಿಗೆ ಗೆದ್ದಲು ಹಿಡಿದಿತ್ತು. ಇನ್ನೊಂದು ಮಳೆಗಾಲ ತಡೆಯಲಿಕ್ಕಿಲ್ಲ ಎಂದು ಬಡಗಿ ಎರಡು ವರ್ಷದಿಂದ ಹೇಳುತ್ತಿದ್ದ. ರಜೆಗೆಂದು ಮುಂಬಯಿಯಿಂದ ಬಂದಿದ್ದ ಮಗಳು ಅಂಗಳದಲ್ಲಿ ರಾಶಿ ಹಾಕಿದ್ದ ಹಂಚೊಂದನ್ನು ಮಗುಚಿ ನೋಡಿ, "ಪಪ್ಪಾ, ನಮ್ಮ ಮನೆ 1865ರದ್ದಾ?" ಎಂದು ಕೇಳಿದಳು. ಹಂಚಿನ ಬೆನ್ನ ಮೇಲೆ ಬಾಸೆಲ್ ಮಿಶನ್ ಹೆಸರಿನ ಜೊತೆ ಆ ಇಸವಿ ಅಚ್ಚಾಗಿತ್ತು.

ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪ ನಕ್ಕರು. "ಅದು ಕಾರ್ಖಾನೆ ಹುಟ್ಟಿದ ವರ್ಷ ಮಗಾ. ನಮ್ಮ ಮಾಡಿಗೆ ಹಂಚು ಏರಿದ್ದು 1979ರಲ್ಲಿ. ಪೇಟೆಯಲ್ಲಿ ಕೆಡವಿದ ಒಂದು ಗೋದಾಮಿನಿಂದ ಹಳೆಯ ಹಂಚು ತಂದದ್ದು." ಮಗಳ ಪ್ರಶ್ನೆ ಅಲ್ಲಿಗೆ ಮುಗಿಯಿತು. ನನ್ನದು ಅಲ್ಲಿಂದ ಶುರುವಾಯಿತು. 1865ಕ್ಕೂ 1979ಕ್ಕೂ ನಡುವೆ 114 ವರ್ಷ. ಮಂಗಳೂರಿನಿಂದ ನಮ್ಮೂರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹಂಚು ಇಷ್ಟು ದೂರ ಬರಲು ಅಷ್ಟು ವರ್ಷ ಯಾಕೆ ಬೇಕಾಯಿತು?

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ ಹಂಚಿನ ಕಾರ್ಖಾನೆ ತೆರೆದರು. ನದಿಯ ಬದಿಯಲ್ಲಿ ಒಳ್ಳೆಯ ಆವೆಮಣ್ಣಿತ್ತು, ಸಾಗಿಸಲು ದೋಣಿಯಿತ್ತು, ಬಂದರು ಹತ್ತಿರವಿತ್ತು. ಸ್ವಲ್ಪ ಕಾಲದಲ್ಲೇ ಊರಿನವರೂ ಕಾರ್ಖಾನೆ ಹಾಕಿದರು. 'ಮಂಗಳೂರು ಹಂಚು' ಮುಂಬಯಿಯ ಮಾಡುಗಳನ್ನೂ ಹತ್ತಿ ಕಡಲಾಚೆಗೂ ಹೋಯಿತು. ಆದರೆ ಅದು ಸುಡುತ್ತಿದ್ದ ಭಟ್ಟಿಯ ಹೊಗೆ ಕಾಣುವಷ್ಟು ಹತ್ತಿರದ ಹಳ್ಳಿಗಳಲ್ಲೇ ಗುತ್ತಿನ ಮನೆ, ದೇವಸ್ಥಾನ, ಶಾಲೆ ಬಿಟ್ಟರೆ ಉಳಿದ ಮನೆಗಳಿಗೆ ಬಹುಕಾಲ ಮುಳಿಹುಲ್ಲಿನ ಮಾಡೇ ಇತ್ತು.

ಹುಲ್ಲಿನ ಮನೆಯೆಂದರೆ ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವ ಮನೆ. ಅಜ್ಜನ ಕಾಲದ ವರ್ಷವನ್ನು ದೊಡ್ಡಪ್ಪ ಬೆರಳು ಮಡಚಿ ಹೇಳುತ್ತಾರೆ. ಬೈಲುಗದ್ದೆಗೆ ಮೂರು ಬೆಳೆ: ಏಣೆಲು, ಸುಗ್ಗಿ, ಕೊಳಕೆ. ಮಜಲಿಗೆ ಎರಡು. ಬೆಟ್ಟುಗದ್ದೆಗೆ ಮಳೆಯನ್ನೇ ನಂಬಿದ ಒಂದು. ಸುಗ್ಗಿಯ ಕೊಯ್ಲಿನ ಹೊತ್ತಿಗೆ ಗುಡ್ಡದಲ್ಲಿ ಮುಳಿಹುಲ್ಲು ಬೆಳೆದು ಒಣಗಿರುತ್ತದೆ. ಅದನ್ನು ಕೊಯ್ದು ಕಟ್ಟ ಕಟ್ಟಿ ತರಬೇಕು. ಬಿಸು ಕಳೆದ ಮೇಲೆ ನೆರೆಕರೆಯವರು ಕೂಡಿ ಒಂದೊಂದು ದಿನಕ್ಕೆ ಒಂದೊಂದು ಮನೆಯ ಮಾಡು ಹೊದೆಸುವುದು. ಆ ದಿನ ಕೂಲಿಯಿಲ್ಲ, ಊಟ ಮಾತ್ರ. ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಂದಿಗೆ ಕೋಲ ನಿಂತು, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಅಷ್ಟರೊಳಗೆ ಮಾಡು ಹೊದೆಸಿ, ಜಗಲಿಗೆ ಮಡಲಿನ ತಟ್ಟಿ ಕಟ್ಟಿ, ಸೌದೆ ಒಳಗಿಟ್ಟು, ಹಲಸಿನ ಸೊಳೆ ಉಪ್ಪಿನಲ್ಲಿ ಹಾಕಿ, ಹಪ್ಪಳ ಒಣಗಿಸಿ ಮುಗಿದಿರಬೇಕು. ಮುಗಿಯದಿದ್ದರೆ ಆಟಿಯಲ್ಲಿ ಗೊತ್ತಾಗುತ್ತಿತ್ತು. ಆಟಿ ಅಂದರೆ ಜುಲೈ-ಆಗಸ್ಟಿನ ಮಳೆ. ಅಕ್ಕಿಯ ಮುಡಿ ಖಾಲಿಯಾಗಿ ಕಳಲೆ, ಹಲಸಿನ ಬೀಜ, ಚಗಟೆ ಸೊಪ್ಪಿನಲ್ಲಿ ದಿನ ದೂಡುವ ತಿಂಗಳು.

ಈ ದುಡಿತದಲ್ಲಿ ಮನೆ ನಮ್ಮದು ಅನ್ನಿಸುವುದು ಸಹಜ. ಕಾಗದದಲ್ಲಿ ಹಾಗಿರಲಿಲ್ಲ. ಅಜ್ಜ ಚಾಲಗೇಣಿ ಒಕ್ಕಲು. ನಮ್ಮ ಜಿಲ್ಲೆಯಲ್ಲಿ ಮೂಲಗೇಣಿದಾರರಿಗೆ ಶಾಶ್ವತ ಹಕ್ಕಿತ್ತು. ವಾಯ್ದೆಗೇಣಿಗೆ ಇಂತಿಷ್ಟು ವರ್ಷವೆಂಬ ಗಡುವಿತ್ತು. ಚಾಲಗೇಣಿಯವನು ಧಣಿಗಳ ಮರ್ಜಿ ಇರುವ ತನಕ. ಗೇಣಿ ಮುಡಿ ಅಕ್ಕಿಯ ಲೆಕ್ಕದಲ್ಲಿ. ಮುಡಿಗೆ ಮೂರು ಕಳಸೆ, ಅಂದರೆ 42 ಸೇರು. ಬಿಸುವಿಗೆ ಮುಳ್ಳುಸೌತೆ, ಗೇರುಬೀಜ, ತೆಂಗಿನಕಾಯಿ ಹೊತ್ತು ಧಣಿಗಳ ಚಾವಡಿಗೆ ಹೋಗಿ ಕಾಣಿಕೆಯಿಟ್ಟು ಬರಬೇಕು. ಮಾಡಿಗೆ ಹೊದೆಸುವ ಹುಲ್ಲೂ ಅಜ್ಜನದಲ್ಲ. ವರ್ಗ ಜಮೀನಿನ ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗ ಕುಮ್ಕಿ; ಅದರ ಸೊಪ್ಪು, ಸೌದೆ, ಹುಲ್ಲಿನ ಅನುಕೂಲ ವರ್ಗದಾರರಿಗೆ ಸೇರಿದ್ದು. ಹೀಗಾಗಿ ಕತ್ತಿ ಹಿಡಿದು ಗುಡ್ಡ ಹತ್ತುವ ಮೊದಲು ಚಾವಡಿಯ ಮೆಟ್ಟಿಲ ಕೆಳಗೆ ನಿಂತು ಒಂದು ಮಾತು ಕೇಳಬೇಕಿತ್ತು.

ಅರುವತ್ತರ ದಶಕದಲ್ಲಿ ನನ್ನ ಅಪ್ಪ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿ ಮನಿಯಾರ್ಡರ್ ಕಳಿಸತೊಡಗಿದಾಗ ಅಜ್ಜ ಹಂಚು ಹಾಕಿಸುವ ಆಸೆಯನ್ನು ಧಣಿಗಳ ಮುಂದೆ ಇಟ್ಟರಂತೆ. ಅವರು ಕೆಟ್ಟವರಲ್ಲ, ಆಟಿಯಲ್ಲಿ ಅಕ್ಕಿ ಕೊಟ್ಟವರು. "ಹಂಚು ಯಾಕೆ ನಿನಗೆ? ನಿನ್ನನ್ನು ಅಲ್ಲಿಂದ ಯಾರು ಏಳಿಸುತ್ತಾರೆ?" ಎಂದು ನಗುತ್ತಾ ಹೇಳಿ ಕಳಿಸಿದರಂತೆ. ಅಜ್ಜನಿಗೆ ಅರ್ಥವಾಯಿತು. ಏಳಿಸುವುದಿಲ್ಲ ಎಂದು ಯಾರಾದರೂ ಹೇಳಬೇಕಾದ ಮನೆಗೆ ಸಾವಿರಾರು ಹಂಚು ಹೊರಿಸಲು ಆಮೇಲೆ ಅವರಿಗೂ ಧೈರ್ಯ ಬರಲಿಲ್ಲ.

ರಾಜ್ಯದ ಭೂಸುಧಾರಣಾ ಕಾಯ್ದೆ 1961ರದ್ದು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ನಮ್ಮೂರಿನಲ್ಲಿ ಅದರ ಸದ್ದು ಕೇಳಿದ್ದು ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದ ಮೇಲೆ. ಗೇಣಿಯ ಭೂಮಿಯೆಲ್ಲ ಅಂದಿಗೆ ಸರಕಾರದ ವಶ. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ತಾನೇ ಉಳುವವನೆಂದು ತೋರಿಸಿದರೆ ಹಕ್ಕು ಅವನಿಗೆ. ನಮ್ಮ ಕಡೆ ಇದಕ್ಕೆ 'ಡಿಕ್ಲರೇಶನ್ ಹಾಕುವುದು' ಎಂಬ ಹೆಸರು. ಅರ್ಜಿಯ ಗಡುವು ವಿಸ್ತರಣೆಯಾಗುತ್ತಾ 1979ರ ಜೂನ್ 30ರವರೆಗೆ ಹೋಯಿತು. ಮಂಡಳಿಯ ಮುಂದೆ ವಕೀಲರಿಗೆ ಆಗ ಪ್ರವೇಶವಿರಲಿಲ್ಲ. ಓದು ಬಾರದ ಅಜ್ಜ ತಾನೇ ನಿಂತು, ಯಾವ ಗದ್ದೆಗೆ ಎಲ್ಲಿಂದ ನೀರು ಬರುತ್ತದೆ, ಯಾವ ಕಟ್ಟಹುಣಿ ಯಾವ ವರ್ಷ ಒಡೆದಿತ್ತು ಎಂದು ಒಂದೊಂದಾಗಿ ಹೇಳಿದರಂತೆ.

ಆದೇಶ 1978ರಲ್ಲಿ ಬಂತು. ಗದ್ದೆ, ತೆಂಗು, ಮನೆ ಅಡಿ ಎಲ್ಲ ಅದರಲ್ಲಿತ್ತು. 15 ವರ್ಷ ಮಾರುವಂತಿಲ್ಲ ಎಂಬ ನಿರ್ಬಂಧವೂ ಇತ್ತು. ಮಾರುವ ಯೋಚನೆ ಯಾರಿಗಿತ್ತು? ಮರುವರ್ಷ ಪತ್ತನಾಜೆಯ ಮೊದಲು ಹಂಚು ಏರಿತು. ನಮ್ಮ ಮಾಡಿನ ಚರಿತ್ರೆಯಲ್ಲಿ 1865ಕ್ಕಿಂತ 1974 ದೊಡ್ಡ ಇಸವಿ. ಹಂಚಿಗೆ ದುಡ್ಡು ಮುಂಬಯಿಯಿಂದ ಬಂತು, ಧೈರ್ಯ ಕಾಯ್ದೆಯಿಂದ ಬಂತು.

ಕಳಕೊಂಡವರೂ ಇದ್ದರು. ಗುತ್ತಿನ ಮನೆಗಳ ಜೊತೆ, ಎರಡೆಕರೆಯನ್ನು ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲಿ ಬದುಕುತ್ತಿದ್ದ ವಿಧವೆಯರು, ಭೂಮಿ ಬಿಟ್ಟು ಮುಂಬಯಿಗೆ ಹೊರಟು ಹೋಗಿದ್ದವರು. ಇದನ್ನು ಓದುತ್ತಿರುವವರಲ್ಲಿ ಅವರ ಮೊಮ್ಮಕ್ಕಳೂ ಇರಬಹುದು. ಒಂದೇ ಕಾಯ್ದೆಯ ಬಗ್ಗೆ ಅವರ ಮನೆಯಲ್ಲಿ ಕೇಳಿದ ಕತೆ ಬೇರೆ, ನಮ್ಮ ಮನೆಯಲ್ಲಿ ಕೇಳಿದ್ದು ಬೇರೆ. ನಾನು ಇಷ್ಟು ದಿನ ನಮ್ಮ ಕತೆಯನ್ನು ಗೆದ್ದವರ ಕತೆಯಾಗಿ ಹೇಳುತ್ತಾ ಬಂದಿದ್ದೆ. ಕಳೆದ ಮೇ ತಿಂಗಳ ತನಕ.

ನಮ್ಮ ಜಾಗದ ಮೇಲ್ತುದಿಯಲ್ಲಿ, ಮುರಕಲ್ಲಿನ ಅಡ್ಕದಲ್ಲಿ ಒಂದು ಗುಡಿಸಲಿತ್ತು. ಅಲ್ಲಿದ್ದವಳನ್ನು ನಾವು ಮಕ್ಕಳೆಲ್ಲ ಅಡ್ಕದ ಅಜ್ಜಿ ಎನ್ನುತ್ತಿದ್ದೆವು. ಅವಳ ಗಂಡ, ಮಾವ ಎಲ್ಲ ನಮ್ಮ ಗದ್ದೆಯಲ್ಲೇ ದುಡಿದವರು. ಅಜ್ಜ ಧಣಿಗಳ ಒಕ್ಕಲು. ಅವಳು ಅಜ್ಜನ ಆಳು. ನೇಜಿ ನೆಡುವುದು, ಕೊಯ್ಲು, ಭತ್ತ ಬಡಿಯುವುದು ಅವಳಿಲ್ಲದೆ ಆಗುತ್ತಿರಲಿಲ್ಲ. ನಮ್ಮ ಮನೆಗೆ ಹಂಚು ಬಂದ ಮೇಲೂ ಅವಳದ್ದು ಮುಳಿಮಾಡು. ಹುಲ್ಲು ಕೊಯ್ಯುವ ಮೊದಲು ಈಗ ಅವಳು ನಮ್ಮ ಅಂಗಳದಲ್ಲಿ ನಿಂತು ಕೇಳುತ್ತಿದ್ದಳು. ಅಜ್ಜನನ್ನು ಕರೆಯುತ್ತಿದ್ದದ್ದು 'ಧಣಿಗಳೇ' ಎಂದು. ಅದು ನನಗೆ ಆಗ ವಿಚಿತ್ರವಾಗಿ ಕೇಳಿಸಿರಲಿಲ್ಲ.

ಹಂಚು ಇಳಿಸುವಾಗ ಅಟ್ಟದ ಪೆಟ್ಟಿಗೆಯೂ ಕೆಳಗೆ ಬಂತು. ಅದರಲ್ಲಿ ಮಂಡಳಿಯ ಆದೇಶ, ಪ್ರೀಮಿಯಂ ಕಟ್ಟಿದ ರಶೀದಿ, ನಮೂನೆ 10ರ ಪ್ರಮಾಣಪತ್ರ. ಎಲ್ಲಕ್ಕಿಂತ ಕೆಳಗೆ ಮಡಚಿಟ್ಟ ಇನ್ನೊಂದು ಅರ್ಜಿ. ಯಾರೋ ಮೇಷ್ಟ್ರ ದುಂಡಗಿನ ಅಕ್ಷರ, ಕೊನೆಗೆ ಹೆಬ್ಬೆಟ್ಟು. ಅಡ್ಕದ ಅಜ್ಜಿಯದು. ಅದೇ ಕಾಯ್ದೆಯ 38ನೇ ಕಲಮಿನ ಪ್ರಕಾರ, ಬೇರೆಯವರ ಭೂಮಿಯಲ್ಲಿ ಮನೆ ಮಾಡಿಕೊಂಡಿರುವ ಕೃಷಿ ಕಾರ್ಮಿಕರಿಗೆ ಆ ಮನೆ, ಅದರ ಅಡಿ ಮತ್ತು ಸುತ್ತಲಿನ ಅಗತ್ಯದ ಜಾಗದ ಹಕ್ಕು ಸಿಗುತ್ತದೆ. ಅರ್ಜಿಯ ಮೇಲೆ ಕಚೇರಿಯ ಮೊಹರು ಇರಲಿಲ್ಲ. ತಾಲೂಕು ಕಚೇರಿಗೆ ಆಗಾಗ ಹೋಗುವವರೆಂದು ಅವಳು ಅದನ್ನು ಅಜ್ಜನ ಕೈಯಲ್ಲೇ ಕೊಟ್ಟಿದ್ದಳು.

"ಅಜ್ಜ ಮರೆತರಾ?" ಎಂದು ಕೇಳಿದೆ.

ದೊಡ್ಡಪ್ಪ ಬಹಳ ಹೊತ್ತು ಕಾಗದವನ್ನೇ ನೋಡಿದರು. "ಮರೆತದ್ದಲ್ಲ. ನಮ್ಮ ಆದೇಶ ಬಂದು ವರ್ಷ ಆಗಿರಲಿಲ್ಲ. ನೆಲ ಅಂತ ಕೈಗೆ ಬಂದದ್ದೇ ಮೊದಲ ಸಲ. ಅದರಲ್ಲೊಂದು ತುಂಡು ಹೋಗುತ್ತದೆ ಅಂದರೆ ಅಪ್ಪನಿಗೆ ನಿದ್ರೆ ಬರಲಿಲ್ಲ. 'ಇರಲಿ, ಅವಳನ್ನು ಅಲ್ಲಿಂದ ಯಾರು ಏಳಿಸುತ್ತಾರೆ' ಅನ್ನುತ್ತಿದ್ದರು."

ಯಾರೂ ಏಳಿಸಲಿಲ್ಲ, ನಿಜ. ಅಡ್ಕದ ಅಜ್ಜಿ ಅಲ್ಲೇ ತೀರಿಕೊಂಡಳು. ಮುಳಿಹುಲ್ಲು ಹೋಗಿ ಟಾರ್ಪಾಲು, ಟಾರ್ಪಾಲು ಹೋಗಿ ಸಿಮೆಂಟ್ ಶೀಟು ಬಂತು. ಈಗ ಅವಳ ಮಗ ಅಲ್ಲಿದ್ದಾನೆ. ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಅಣ್ಣ ಎಂದೇ ಕರೆಯುವುದು. ನಾವೆಲ್ಲ ಮುಂಬಯಿ, ಪುಣೆ ಸೇರಿದ ಮೇಲೆ ವರ್ಷದ ಹನ್ನೊಂದು ತಿಂಗಳು ನಮ್ಮ ಮನೆ ಕಾಯುವವನು ಅವನು. ದೊಡ್ಡಪ್ಪನಿಗೆ ಔಷಧಿ ತರುವುದು, ಮಂಗ ಹಾರಿ ಜಾರಿದ ಹಂಚು ಸರಿ ಮಾಡುವುದು ಎಲ್ಲ ಅವನೇ. ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ 94ಸಿ ಇದೆ. ಅವನಿರುವುದು ಸರಕಾರಿ ಜಾಗದಲ್ಲಲ್ಲ, ನಮ್ಮ ಆರ್‌ಟಿಸಿಯಲ್ಲಿ. 2017ರಲ್ಲಿ 'ವಾಸಿಸುವವನೇ ಮನೆಯೊಡೆಯ' ಎಂಬ ಘೋಷಣೆಯೊಂದಿಗೆ ಭೂಸುಧಾರಣಾ ಕಾಯ್ದೆಗೆ ಮತ್ತೊಂದು ತಿದ್ದುಪಡಿ ಬಂತು. ಅದು ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳಂಥ ಜನವಸತಿಗಳಿಗೆ. ಅಡ್ಕದಲ್ಲಿರುವುದು ಒಂದೇ ಮನೆ. 'ಉಳುವವನೇ ಹೊಲದೊಡೆಯ' ಎಂದ ಕಾಲಕ್ಕೂ ಈ ಘೋಷಣೆಗೂ ನಡುವೆ 43 ವರ್ಷ. ಉಳುವವನ ಕೈಕೆಳಗೆ ಉತ್ತವರು ಆ ನಡುವೆ ಉಳಿದುಬಿಟ್ಟರು.

ಮುಂಬಯಿಯಲ್ಲಿ ನಾನು ಒಂಬತ್ತು ವರ್ಷ ಬಾಡಿಗೆ ಮನೆಯಲ್ಲಿದ್ದೆ. ಹನ್ನೊಂದು ತಿಂಗಳಿಗೊಮ್ಮೆ ಕರಾರು. ಗೋಡೆಗೆ ಮೊಳೆ ಹೊಡೆಯಲು ಕೇಳಬೇಕು. ಹತ್ತನೇ ತಿಂಗಳು ಬಂದರೆ ಮನೆಯೊಡೆಯರ ಫೋನಿಗೆ ಎದೆ ಧಸಕ್ಕೆನ್ನುವುದು. ಚಾಲಗೇಣಿ ಅಂದರೆ ಏನೆಂದು ನಾನು ಪುಸ್ತಕದಲ್ಲಿ ಓದುವ ಮೊದಲೇ ಹಾಗೆ ಕಲಿತಿದ್ದೆ. ಅದನ್ನು ಕಲಿತಿದ್ದವನಿಗೂ ಅಡ್ಕದ ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳಬೇಕೆಂದು ಒಮ್ಮೆಯೂ ತೋಚಿರಲಿಲ್ಲ.

ಇಳಿಸಿದ ಹಂಚು ಏನು ಮಾಡುವುದೆಂಬ ಮಾತು ಬಂದಾಗ ಅವನೇ ಕೇಳಿದ: "ನನಗೆ ಕೊಟ್ಟರೆ ಶೀಟು ತೆಗೆದು ಹಾಕುತ್ತಿದ್ದೆ. ಬೇಸಗೆಯಲ್ಲಿ ಒಳಗೆ ಕೂರಲಿಕ್ಕಾಗುವುದಿಲ್ಲ." ಎಲ್ಲರೂ ಒಂದೇ ಸಲಕ್ಕೆ ಹೂಂ ಎಂದರು. ಹಂಚು ಕೊಡುವುದಕ್ಕೆ ಯಾರ ಸಹಿಯೂ ಬೇಕಿರಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಅರ್ಜಿಯನ್ನು ಎಲ್ಲರ ಮುಂದಿಟ್ಟೆ. ಅಡ್ಕದ ಹತ್ತು ಸೆಂಟ್ಸನ್ನು ಅಳೆದು 11ಇ ನಕ್ಷೆ ಮಾಡಿಸಿ ದಾನಪತ್ರ ಬರೆದುಕೊಡೋಣ ಎಂದೆ. ಹೆದ್ದಾರಿ ಅಗಲವಾದ ಮೇಲೆ ಆ ಕಡೆಯಲ್ಲಿ ಸೆಂಟ್ಸಿನ ಲೆಕ್ಕದಲ್ಲಿ ಸೈಟು ಮಾರುತ್ತಿದ್ದಾರೆ. ಹತ್ತು ಸೆಂಟ್ಸು ಅಂದರೆ ಸಣ್ಣ ಮಾತಲ್ಲ ಎಂದು ಪುಣೆಯ ತಮ್ಮ ಫೋನಿನಲ್ಲಿ ಹೇಳಿದ. ಅತ್ತೆ, "ಕೊಡಬೇಡ ಅಂತ ಅಲ್ಲ, ಈಗಲೇ ಯಾಕೆ? ಅವನನ್ನು ಯಾರು..." ಎಂದು ಶುರು ಮಾಡಿ, ಕೈಯಲ್ಲಿದ್ದ ಅರ್ಜಿ ನೋಡಿ ಸುಮ್ಮನಾದರು. ಎಲ್ಲರಿಗಿಂತ ಮೊದಲು ಒಪ್ಪಿದ್ದು ದೊಡ್ಡಪ್ಪ. ಏಳು ಪಾಲುದಾರರಲ್ಲಿ ಐವರ ಒಪ್ಪಿಗೆ ಸಿಕ್ಕಿದೆ. ನಕ್ಷೆಗೆ ಅರ್ಜಿ ಹಾಕಿದ್ದೇವೆ. ಈ ಸಲ ರಶೀದಿಯನ್ನು ಅವನ ಕೈಗೇ ಕೊಟ್ಟಿದ್ದೇನೆ. ಅಳೆಯುವವರು ಬರುವ ಮೊದಲೇ ಮಳೆ ಬಂತು.

ಜೂನ್ ಮೊದಲ ವಾರ ಅವನ ಫೋನು ಬಂತು. ಹಿಂದೆ ಮಳೆಯ ಸದ್ದು. ನಮ್ಮ ಹೊಸ ಮಾಡಿನಿಂದ ಎಲ್ಲೂ ನೀರು ಇಳಿಯುತ್ತಿಲ್ಲ, ಚಾವಡಿ ಒಣಗಿಯೇ ಇದೆ ಎಂದ. "ನಿನ್ನದು?" ಎಂದೆ.

"ಹಂಚು ಅಂಗಳದಲ್ಲೇ ಇದೆ ಅಣ್ಣೆರೇ, ಮಡಲು ಮುಚ್ಚಿಟ್ಟಿದ್ದೇನೆ," ಎಂದ. "ಕಾಗದ ಆಗಲಿ. ಆಮೇಲೆ ಏರಿಸುತ್ತೇನೆ."