ಬಾಯಿ ಅಗಲಿಸಿದರೆ ಬಲ ಬರುತ್ತದೆಯೇ?

ಟರ್ಬೊ ಕಾರಿನ ಏರ್ ಫಿಲ್ಟರ್ ಪೆಟ್ಟಿಗೆಯನ್ನು ತೆಗೆದು, ಆ ಜಾಗದಲ್ಲಿ ಶಂಕುವಿನಾಕಾರದ ಫಿಲ್ಟರನ್ನೂ ಅಗಲವಾದ ಕೊಳವೆಯನ್ನೂ ಕೂರಿಸಿದರೆ ಎಂಜಿನ್ನಿನ ಶಕ್ತಿ ಏರುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಬಲವಾಗಿ ಬೇರೂರಿದೆ. ಅದಕ್ಕೆ ಕೊಡುವ ಕಾರಣವೂ ನೇರವಾಗಿದೆ: ಹೆಚ್ಚು ಗಾಳಿ ಒಳಹೋದರೆ ಹೆಚ್ಚು ಇಂಧನ ಉರಿಸಬಹುದು, ಹೆಚ್ಚು ಉರಿದಷ್ಟೂ ಹೆಚ್ಚು ಬಲ. ಇದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಟರ್ಬೊ ಹುಟ್ಟಿ ನೂರು ವರ್ಷ ದಾಟಿದೆ. ಅದರ ಚರಿತ್ರೆಯಲ್ಲಿ ಶಕ್ತಿಗೆ ಅಡ್ಡವಾಗಿ ನಿಂತದ್ದು ಒಮ್ಮೆ ಗಾಳಿಯ ಒತ್ತಡ, ಒಮ್ಮೆ ಶಾಖ, ಇನ್ನೊಮ್ಮೆ ಒಳದಾರಿಯ ಅಗಲ. ಎಲ್ಲಿ ಅಡ್ಡಿಯಿತ್ತೋ ಅಲ್ಲಿ ಕೈಹಾಕಿದವರಿಗೆ ಫಲ ಸಿಕ್ಕಿತು. ಉಳಿದವರಿಗೆ ಖರ್ಚು ಮಾತ್ರ ಉಳಿಯಿತು.

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಟರ್ಬೊದ ಮೂಲ ಕಲ್ಪನೆಗೆ ಪೇಟೆಂಟ್ ಪಡೆದ. ಹೊಗೆಕೊಳವೆಯಿಂದ ವ್ಯರ್ಥವಾಗಿ ಹೊರಹೋಗುವ ಬಿಸಿ ಅನಿಲದಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು ಅವನ ಉಪಾಯ. ಅದರ ಬೆಲೆ ಜಗತ್ತಿಗೆ ಕಂಡದ್ದು ಬೆಟ್ಟದ ಮೇಲೆ. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫೋರ್ಡ್ ಮಾಸ್ ವಿಮಾನದ ಲಿಬರ್ಟಿ ಎಂಜಿನ್ನೊಂದನ್ನು ಅಮೆರಿಕದ ಕೊಲರಾಡೊದಲ್ಲಿರುವ ಪೈಕ್ಸ್ ಪೀಕ್ ಶಿಖರಕ್ಕೆ, ಸುಮಾರು 14,000 ಅಡಿ ಎತ್ತರಕ್ಕೆ, ಸಾಗಿಸಿ ಪರೀಕ್ಷಿಸಿದ. ತಗ್ಗುಪ್ರದೇಶದಲ್ಲಿ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿನ ತೆಳು ಗಾಳಿಯಲ್ಲಿ 230ಕ್ಕೆ ಕುಸಿಯಿತು. ಟರ್ಬೊ ಜೋಡಿಸಿದಾಗ ಮತ್ತೆ 350ನ್ನು ದಾಟಿತು. ಆ ಶಿಖರದಲ್ಲಿ ಎಂಜಿನ್ನಿನ ಬಾಯಿ ಎಷ್ಟು ಅಗಲಿಸಿದ್ದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಹೊರಗೆ ಸಾಕಷ್ಟು ಒತ್ತಡವೇ ಇರಲಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಟರ್ಬೊ ಇಲ್ಲದ ಕಾರು ಹತ್ತನೇ ಒಂದು ಪಾಲಿನಷ್ಟು ಬಲ ಕಳೆದುಕೊಳ್ಳುವುದಕ್ಕೂ ಇದೇ ಕಾರಣ.

ಒತ್ತಡದ ಸಮಸ್ಯೆ ಬಗೆಹರಿದ ಮೇಲೆ ಶಾಖ ಎದುರಾಯಿತು. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ; ಬಿಸಿ ಗಾಳಿಯೊಂದಿಗೆ ಬೆರೆತ ಪೆಟ್ರೋಲ್ ಕಿಡಿ ಹರಡುವ ಮೊದಲೇ ತಾನಾಗಿ ಹೊತ್ತಿಕೊಂಡು ಎಂಜಿನ್ ನಾಕ್ ಮಾಡುತ್ತದೆ. ಮಾರುಕಟ್ಟೆಗೆ ಬಂದ ಮೊದಲ ಟರ್ಬೊ ಕಾರುಗಳಲ್ಲೊಂದಾದ 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಈ ಕಷ್ಟ ತಪ್ಪಿಸಲು ಮೆಥನಾಲ್ ಮತ್ತು ನೀರಿನ ಮಿಶ್ರಣವನ್ನು ಒಳಗೆ ಸಿಂಪಡಿಸುತ್ತಿತ್ತು. ಆ ದ್ರವ ತುಂಬಿಸಲು ಮಾಲೀಕರು ಮರೆತರು, ಕಾರು ಸೊರಗಿತು. ಮರುವರ್ಷವೇ ಅದರ ತಯಾರಿಕೆ ನಿಂತಿತು. ಕಾಲಕ್ರಮದಲ್ಲಿ ಗೆದ್ದದ್ದು ಇಂಟರ್‌ಕೂಲರ್, ಅಂದರೆ ಒತ್ತಿದ ಗಾಳಿಯನ್ನು ಎಂಜಿನ್ ಸೇರುವ ಮುನ್ನ ತಣಿಸುವ ರೇಡಿಯೇಟರ್. 1978ರಲ್ಲಿ ಪೋರ್ಷೆ 911 ಟರ್ಬೊಗೆ ಇಂಟರ್‌ಕೂಲರ್ ಬಂದಾಗ ಶಕ್ತಿ 260ರಿಂದ 300 ಅಶ್ವಶಕ್ತಿಗೆ ಏರಿತು. ಎಂಜಿನ್ನಿನ ಗಾತ್ರವೂ ಆಗ 3.0ರಿಂದ 3.3 ಲೀಟರಿಗೆ ಹಿಗ್ಗಿದ್ದರಿಂದ ಪೂರ್ತಿ ಶ್ರೇಯಸ್ಸು ಇಂಟರ್‌ಕೂಲರಿಗೆ ಸಲ್ಲದು. ಆದರೂ ತಯಾರಕರೇ ಗಾಳಿಯ ದಾರಿಯನ್ನು ಸುಧಾರಿಸಲು ಹೊರಟಾಗ ಮೊದಲು ತಣಿಸುವ ಕಡೆಗೆ ನೋಡಿದರು ಎಂಬುದನ್ನು ಮರೆಯಬಾರದು.

ಹಾಗಾದರೆ ಬಾಯಿಯ ಅಗಲ ಎಂದೂ ಮುಖ್ಯವಾಗಿರಲೇ ಇಲ್ಲವೇ? ಇತ್ತು, ಅದೂ ಹಗರಣವಾಗುವಷ್ಟು. ವಿಶ್ವ ರ‍್ಯಾಲಿ ಸ್ಪರ್ಧೆಯಲ್ಲಿ ವೇಗಕ್ಕೆ ಕಡಿವಾಣ ಹಾಕಲು ಟರ್ಬೊದ ಬಾಯಿಗೇ ರಿಸ್ಟ್ರಿಕ್ಟರ್ ಎಂಬ ಬಳೆ ತೊಡಿಸುವುದು ನಿಯಮವಾಗಿತ್ತು. ಅದರ ವ್ಯಾಸ ಹಂತಹಂತವಾಗಿ ಕಿರಿದಾಗುತ್ತ 1995ರಲ್ಲಿ 34 ಮಿಲಿಮೀಟರಿಗೆ ಇಳಿಯಿತು. ಕಿರಿದಾದ ಕಂಠದಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಟರ್ಬೊ ಎಷ್ಟೇ ಎಳೆದರೂ ಒಂದು ಗುಟುಕೂ ಹೆಚ್ಚು ಒಳಬರುವುದಿಲ್ಲ. ಆ ವರ್ಷ ಸ್ಪೇನಿನ ಕ್ಯಾಟಲೂನ್ಯಾ ರ‍್ಯಾಲಿಯಲ್ಲಿ ಟೊಯೊಟಾ ತಂಡದ ಸೆಲಿಕಾ ಕಾರುಗಳ ಟರ್ಬೊಗಳನ್ನು ಬಿಚ್ಚಿ ನೋಡಿದಾಗ, ಕೊಳವೆಯನ್ನು ಬಿಗಿದರೆ ರಿಸ್ಟ್ರಿಕ್ಟರ್ ಸರಿದು ಅದರ ಪಕ್ಕದಿಂದ ಗಾಳಿ ನುಸುಳುವ ಗುಪ್ತ ವ್ಯವಸ್ಥೆ ಪತ್ತೆಯಾಯಿತು. ತಪಾಸಣೆಗೆಂದು ಬಿಚ್ಚಿದೊಡನೆ ಅದು ಸ್ವಸ್ಥಾನಕ್ಕೆ ಮರಳುತ್ತಿತ್ತು. ಇದರಿಂದ ಸುಮಾರು 50 ಅಶ್ವಶಕ್ತಿಯ ಲಾಭವಿರಬಹುದೆಂದು ಆಗ ಅಂದಾಜಿಸಲಾಯಿತು. ತಂಡಕ್ಕೆ ಒಂದು ವರ್ಷದ ನಿಷೇಧ ಬಿತ್ತು. ಬಾಯಿ ಅಗಲಿಸಿದರೆ ಬಲ ಬರುತ್ತದೆ ಎನ್ನುವವರಿಗೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಸಿಗದು.

ಆದರೆ ಅದರ ಪಕ್ಕದಲ್ಲೇ ಫಾರ್ಮುಲಾ ಒನ್ ಚರಿತ್ರೆಯನ್ನೂ ಇಟ್ಟು ನೋಡಬೇಕು. 1980ರ ದಶಕದ ನಡುವೆ 1.5 ಲೀಟರಿನ ಟರ್ಬೊ ಎಂಜಿನ್‌ಗಳು 1,000 ಅಶ್ವಶಕ್ತಿ ಮೀರಿದಾಗ ಅಲ್ಲಿನ ಆಡಳಿತ ನಿಯಂತ್ರಿಸಿದ್ದು ಬಾಯಿಯನ್ನಲ್ಲ, ಒಳಗಿನ ಒತ್ತಡವನ್ನು. 1987ರಲ್ಲಿ 4 ಬಾರ್, 1988ರಲ್ಲಿ 2.5 ಬಾರ್, ಮಿತಿ ದಾಟಿದರೆ ಕವಾಟ ತೆರೆದು ಹೆಚ್ಚುವರಿ ಗಾಳಿ ಹೊರಹೋಗುತ್ತಿತ್ತು. ಈ ಕಟ್ಟುಪಾಡಿನಲ್ಲಿ ಕೊಳವೆ ಎಷ್ಟು ಅಗಲವಿದ್ದರೂ ನಿಗದಿತ ಒತ್ತಡ ಮೀರುವಂತಿರಲಿಲ್ಲ. ಇಂದಿನ ರಸ್ತೆಯ ಟರ್ಬೊ ಕಾರು ಹೋಲುವುದು ಇದನ್ನೇ, ರ‍್ಯಾಲಿಯನ್ನಲ್ಲ. ಅದರ ಕಂಪ್ಯೂಟರ್ ಇಷ್ಟೇ ಬೂಸ್ಟ್, ಅಂದರೆ ಟರ್ಬೊ ತುಂಬುವ ಒತ್ತಡ, ಇರಲಿ ಎಂದು ಮೊದಲೇ ಗೊತ್ತುಮಾಡಿ, ಬಿಸಿ ಅನಿಲದ ಒಂದು ಪಾಲನ್ನು ಟರ್ಬೊದಿಂದ ಆಚೆಗೆ ತಿರುಗಿಸುವ ಕವಾಟದ ಮೂಲಕ ಅದನ್ನು ಕಾಯುತ್ತದೆ. ಫಿಲ್ಟರಿನ ತಡೆ ತುಸು ತಗ್ಗಿದರೆ ಟರ್ಬೊ ತುಸು ಕಡಿಮೆ ದುಡಿದು ಅದೇ ಒತ್ತಡ ಕೊಡುತ್ತದೆ. ಗಾಳಿ ಕೊಂಚ ತಂಪಾಗಿರಬಹುದು, ಬೂಸ್ಟ್ ಏರುವುದು ಕೊಂಚ ಚುರುಕಾಗಬಹುದು. ಲಾಭ ಇಲ್ಲವೆಂದಲ್ಲ, ಅದು ಚಿಕ್ಕದು.

ಇದಕ್ಕೆ ಮೂರು ಆಕ್ಷೇಪಗಳು ಬರುತ್ತವೆ. ಎಂಜಿನ್ನಿನ ಬಲ ಅಳೆಯುವ ಡೈನೋ ಪರೀಕ್ಷೆಯಲ್ಲಿ ಶಕ್ತಿ ಏರಿದ್ದು ಕಾಣುತ್ತದಲ್ಲ ಎಂಬುದು ಮೊದಲನೆಯದು. ಆ ಪರೀಕ್ಷೆ ಸಾಮಾನ್ಯವಾಗಿ ಬಾನೆಟ್ ತೆರೆದು, ಮುಂದೆ ಫ್ಯಾನ್ ಇಟ್ಟು ನಡೆಯುತ್ತದೆ. ಬಾನೆಟ್ ಮುಚ್ಚಿ ಟ್ರಾಫಿಕ್ಕಿನಲ್ಲಿ ನಿಂತಾಗ ತೆರೆದ ಫಿಲ್ಟರ್ ಎಳೆಯುವುದು ಎಂಜಿನ್ನಿನ ಸುತ್ತಲಿನ ಕಾದ ಗಾಳಿಯನ್ನು. ಸುಮಾರು 3 ಡಿಗ್ರಿ ಬಿಸಿಯೇರಿದರೆ ಗಾಳಿಯ ಸಾಂದ್ರತೆ ಶೇ 1ರಷ್ಟು ಕುಗ್ಗುತ್ತದೆ. ತಯಾರಕರು ಶಬ್ದ ಅಡಗಿಸಲು, ಖರ್ಚು ಉಳಿಸಲು ಒಳದಾರಿಯನ್ನು ಬೇಕೆಂದೇ ಕಿರಿದು ಮಾಡುತ್ತಾರೆ ಎಂಬುದು ಎರಡನೆಯದು. ಇದರಲ್ಲಿ ನಿಜವಿದೆ. ಆದರೆ ಅದೇ ಪೆಟ್ಟಿಗೆ ದೂಳು ತಡೆಯಬೇಕು, ಮಳೆಗಾಲದ ನೀರನ್ನೂ ದೂರವಿಡಬೇಕು. ಕೊಳವೆಯ ಬಾಯನ್ನು ಬಂಪರಿನ ಕೆಳಕ್ಕೆ ಇಳಿಸಿ, ನೀರು ನಿಂತ ಅಂಡರ್‌ಪಾಸಿಗೆ ನುಗ್ಗಿದರೆ ಸಿಲಿಂಡರಿಗೆ ನೀರು ಹೊಕ್ಕು ಕನೆಕ್ಟಿಂಗ್ ರಾಡ್ ಬಾಗಬಹುದು. ಗಾಳಿ ಅಳೆಯುವ ಸೆನ್ಸರ್ ಇರುವ ಕಡೆ ಕೊಳವೆ ಅಗಲವಾದರೆ ಅದರ ಲೆಕ್ಕವೂ ತಪ್ಪಿ, ಇಂಧನದ ಪಾಲು ಕಡಿಮೆಯಾಗುವ ಅಪಾಯವಿದೆ. ಮೂರನೆಯದು, ದೊಡ್ಡ ಟರ್ಬೊ ಹಾಕಿ ಕಂಪ್ಯೂಟರಿನ ಬೂಸ್ಟ್ ಮಿತಿಯನ್ನೇ ಏರಿಸಿದವರ ವಾದ. ಅವರ ಮಾತು ಸರಿ: ಒತ್ತಡದ ಮಿತಿ ಮೇಲೆ ಹೋದ ಕ್ಷಣ ಹಳೆಯ ಕೊಳವೆ ನಿಜವಾಗಿಯೂ ಇಕ್ಕಟ್ಟಾಗುತ್ತದೆ. ಆದರೆ ಆಗ ಇಂಟರ್‌ಕೂಲರ್, ಇಂಧನ ಪೂರೈಕೆ, ಕ್ಲಚ್, ಬ್ರೇಕ್ ಎಲ್ಲವೂ ಜೊತೆಗೇ ಬದಲಾಗಬೇಕು. ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾಗುವಂತೆ ವಾಹನ ಮಾರ್ಪಡಿಸುವುದಕ್ಕೆ ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯೊಡ್ಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಟರ್ಬೊ ಕಾರಿನ ಗಾಳಿಯ ದಾರಿಯನ್ನು ಬದಲಿಸ ಹೊರಟವರು ಕೊಳ್ಳುವ ಮೊದಲು ಅಳೆಯಲಿ. ಫಿಲ್ಟರಿನ ಹಿಂದೆ ಒತ್ತಡ ಎಷ್ಟು ಬೀಳುತ್ತಿದೆ, ಇಂಟರ್‌ಕೂಲರ್ ದಾಟಿದ ಗಾಳಿ ಎಷ್ಟು ಬಿಸಿಯಿದೆ, ಕಂಪ್ಯೂಟರ್ ಕೇಳಿದ ಬೂಸ್ಟ್ ಸಿಗುತ್ತಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಎಲ್ಲಿ ಕೈಹಾಕಬೇಕೆಂಬುದು ತಾನಾಗಿ ತಿಳಿಯುತ್ತದೆ. ಬೂಸ್ಟ್ ಮಿತಿ ಬದಲಿಸದ ಬಹುಪಾಲು ಕಾರುಗಳಿಗೆ ಕಾಲಕಾಲಕ್ಕೆ ಬದಲಿಸಿದ ಶುದ್ಧವಾದ ಮೂಲ ಫಿಲ್ಟರೇ ಸಾಕು.